ದೋಣಿಗೊಂದು ಮಾಡು

ಏಪ್ರಿಲ್ ಕೊನೆಯ ವಾರದಲ್ಲಿ ಕುಮಟಾ ಸೀಮೆಯ ಮೇಲೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ. ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ, ನಮ್ಮ ಕರಾವಳಿ ಅದಕ್ಕಿಂತ ಎಂಟು ಡಿಗ್ರಿ ಪಡುವಣಕ್ಕಿದೆ. ಹಾಗಾಗಿ ನಮ್ಮ ನಡುಮಧ್ಯಾಹ್ನ ಅರ್ಧ ಗಂಟೆ ತಡ. ಆ ಹೊತ್ತಿನಲ್ಲಿ ಅಘನಾಶಿನಿಯ ಅಳಿವೆಯಲ್ಲಿ ನೆಟ್ಟ ಗೂಟಕ್ಕೆ ನೆರಳೇ ಇಲ್ಲ. ಕಾಂಡ್ಲಾ ಗಿಡದ ನೆರಳು ಅದರ ಬೇರುಗಳ ಮೇಲೇ ಬಿದ್ದಿರುತ್ತದೆ. ತೆರೆದ ದೋಣಿಯಲ್ಲಿ ಕೂತವರಿಗೆ ತಲೆಗೆ ಸುತ್ತಿದ ಟವೆಲೇ ಮನೆ, ಅದೇ ಮಾಡು.

ಮಳೆಗೆ ನಾವು ಎಷ್ಟೆಲ್ಲ ಮಾಡಿಕೊಂಡಿದ್ದೇವೆ! ನಟ್ಟಿಗೆ ಬಗ್ಗಿದ ಬೆನ್ನಿಗೆ ಗೊರಬು, ಜಗಲಿಗೆ ಎರಚಲು ಹೊಡೆಯದಂತೆ ಹೆಣೆದ ಮಡಲಿನ ತಟ್ಟಿ, ಕಟ್ಟಿಗೆಗೆ ಬೇರೆ ಕೊಟ್ಟಿಗೆ. ಬಿಸಿಲಿಗೂ ನೆಲದ ಮೇಲೆ ವ್ಯವಸ್ಥೆಯಿದೆ. ಮಳೆಗಾಲ ಮುಗಿದೊಡನೆ ಅಂಗಳಕ್ಕೆ ಚಪ್ಪರ ಏಳುತ್ತದೆ, ತೋಟಕ್ಕೆ ಹೋಗುವವರ ತಲೆಗೆ ಹಾಳೆಟೊಪ್ಪಿ ಬರುತ್ತದೆ. ನೀರಿನ ಮೇಲೆ ಮಾತ್ರ ಏನೂ ಇಲ್ಲ. ಕೇರಳದ ಕೆಟ್ಟುವಳ್ಳಕ್ಕೆ ಬಿದಿರಿನ ಕಮಾನು ಮಾಡಿದೆ, ಬಂಗಾಳದ ನದಿಯ ದೋಣಿಗೆ ಬಿದಿರ ಚಾಪೆ ಬಗ್ಗಿಸಿದ ಗೂಡಿದೆ, ದಾಲ್ ಸರೋವರದ ಶಿಕಾರಕ್ಕೆ ಬಣ್ಣದ ಮೇಲುಹೊದಿಕೆಯಿದೆ. ನಮ್ಮ ಪಾತಿ ದೋಣಿ ಹುಟ್ಟಿದಂದಿನಿಂದ ಬರಿತಲೆಯದು.

ಇದಕ್ಕೆ ಕಾರಣವಿದೆ, ಆ ಕಾರಣ ಗೌರವಿಸತಕ್ಕದ್ದು. ಬೀಸುಬಲೆ ಎಸೆಯುವವನು ದೋಣಿಯ ಮೂತಿಯಲ್ಲಿ ನಿಂತು ಇಡೀ ಮೈ ತಿರುಗಿಸಬೇಕು, ತಲೆಯ ಮೇಲೆ ಒಂದು ಕಡ್ಡಿಯಿದ್ದರೂ ಬಲೆ ಅರಳುವುದಿಲ್ಲ. ಗಳ ಊರುವವನೂ ನಿಂತೇ ಊರಬೇಕು. ಕಡಲಿಗೆ ಇಳಿಯುವ ದೋಣಿಯಾದರೆ ಅಲೆ ಒಡೆಯುವ ಜಾಗ ದಾಟುವಾಗ ಮೇಲಿನ ಭಾರ ಎಂದರೆ ಜೀವಕ್ಕೆ ಅಪಾಯ. ಜೊತೆಗೆ, ಮೀನಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಹೋಗಿ ಬಿಸಿಲೇರುವ ಮುಂಚೆ ತಿರುಗುತ್ತಿದ್ದರು. ಆ ಕೆಲಸಕ್ಕೆ ಮಾಡು ಬೇಕಿರಲಿಲ್ಲ.

ಆದರೆ ಅಳಿವೆಯ ಕೆಲಸ ಸೂರ್ಯನ ಮಾತು ಕೇಳುವುದಿಲ್ಲ, ಅದು ಚಂದ್ರನ ಮಾತಿಗೆ ನಡೆಯುತ್ತದೆ. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತ ಹೋಗುತ್ತವೆ. ಇಂದು ಬೆಳಿಗ್ಗೆ ಬಿದ್ದ ಇಳಿತ ವಾರ ಕಳೆಯುವುದರೊಳಗೆ ಮಧ್ಯಾಹ್ನಕ್ಕೆ ಬಂದಿರುತ್ತದೆ. ಚಿಪ್ಪಿಕಲ್ಲು ತೆಗೆಯುವ ಹೆಂಗಸರು ಇಳಿತಕ್ಕೇ ನೀರಿಗಿಳಿಯಬೇಕು, ಅದು ಹನ್ನೆರಡಕ್ಕೆ ಬಂದರೆ ಹನ್ನೆರಡಕ್ಕೇ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡವಿ, ಬಗ್ಗಿ ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ತುಂಬಿದಂತೆ ದೋಣಿಗೆ ಸುರಿಯುತ್ತಾರೆ. ಗಂಟೆಗಟ್ಟಲೆ ಈ ಕೆಲಸ. ನಡುವೆ ಒಂದು ಲೋಟ ನೀರು ಕುಡಿಯಲು ದೋಣಿ ಹತ್ತಿದರೆ ಹಲಗೆ ಕಾದು ಕುಳಿತುಕೊಳ್ಳಲಾಗುವುದಿಲ್ಲ. ದೋಣಿಗೆ ಮಾಡು ಬೇಕು ಎಂದು ನನಗೆ ಅನ್ನಿಸಿದ್ದು ಇವರನ್ನು ನೋಡಿ. ವಿಹಾರದ ಆಸೆ ಅದರಲ್ಲಿ ಇರಲಿಲ್ಲ.

ಕರಾವಳಿಯಲ್ಲಿ ಉಷ್ಣಮಾಪಕ ಬಯಲುಸೀಮೆಯಷ್ಟು ಏರದು. ಅದನ್ನು ನೋಡಿ ನಮ್ಮ ಬಿಸಿಲು ಮೃದು ಎನ್ನುವವರಿದ್ದಾರೆ. ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಬರೀ ಇಳಿದು ಹೋಗುತ್ತದೆ. ಅದರ ಮೇಲೆ ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಹತ್ತಿರಹತ್ತಿರ 1000 ವ್ಯಾಟ್ ಶಾಖ ಸುರಿಯುತ್ತದೆ. ನೆರಳು ಗಾಳಿಯ ಬಿಸಿಯನ್ನು ಕಡಿಮೆ ಮಾಡಲಾರದು, ಆದರೆ ಈ ಸುರಿಯುವ ಶಾಖವನ್ನು ತಡೆಯುತ್ತದೆ. ದುಡಿಯುವ ಮೈಗೆ ಅಷ್ಟೇ ದೊಡ್ಡದು. ಕಣ್ಣಿನ ವಿಷಯವನ್ನೂ ಹೇಳಬೇಕು. ವರ್ಷಾನುಗಟ್ಟಲೆ ನೀರಿನ ಮೇಲಿನ ಬಿಸಿಲಿಗೆ ಕಣ್ಣೊಡ್ಡಿದವರಲ್ಲಿ ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ಮಾಂಸದಂಥ ಪೊರೆ ಬೆಳೆಯುವುದುಂಟು. ಬಿಸಿಲಿನ ನೇರಳಾತೀತ ಕಿರಣ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನಮ್ಮ ಅಳಿವೆಯ ಹಳೆಯ ದೋಣಿಗಾರರ ಕಣ್ಣುಗಳನ್ನು ಹತ್ತಿರದಿಂದ ನೋಡಿದವರಿಗೆ ಆ ಪೊರೆ ಗೊತ್ತು.

ನಮ್ಮ ಮಾವನ ದೋಣಿ ಹದಿನೆಂಟು ಅಡಿ ಉದ್ದ, ನಡುವಿನಲ್ಲಿ ಮೂರೂವರೆ ಅಡಿ ಅಗಲ. ಹಿಂದೆ ಇದ್ದದ್ದು ಮಾವಿನ ಮರದ ದಿಮ್ಮಿ ಕೊರೆದ ಪಾತಿ, ಈಗಿನದು ಫೈಬರಿನದು. ಫೈಬರ್ ಹಗುರ, ಹುಳು ಹಿಡಿಯುವುದಿಲ್ಲ, ಆದರೆ ಮರದಷ್ಟು ನೀರಿನಲ್ಲಿ ಕಚ್ಚಿ ಕೂರುವುದಿಲ್ಲ. ಹಗುರ ದೋಣಿಗೆ ಮೇಲೆ ಭಾರ ಹೇರಿದರೆ ಓಲಾಟ ಹೆಚ್ಚು. ಮಾಡು ಕಟ್ಟುವ ಮಾತೆತ್ತಿದಾಗ ಮಾವ ಮೊದಲು ಹೇಳಿದ್ದು ಇದನ್ನೇ.

“ಎತ್ತರ ಮಾಡ್ಬೇಡ ತಮಾ. ಗಾಳಿ ಬಂದ್ರೆ ದೋಣಿ ಹುಟ್ಟಿನ ಮಾತು ಕೇಳೂದಿಲ್ಲ, ಮಾಡಿನ ಮಾತು ಕೇಳ್ತದೆ.”

ಮಾವ ಅನುಭವದಿಂದ ಹೇಳಿದ್ದನ್ನು ಲೆಕ್ಕವೂ ಹೇಳುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರ ಬಡಿದರೆ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 6 ಕಿಲೋ ಒತ್ತಡ. ವೇಗ ಇಮ್ಮಡಿಯಾದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ, ಅಂದರೆ 24 ಕಿಲೋ. ಇದೇ ಒತ್ತಡ ದೋಣಿಯ ಅಂಚಿನ ಸಮದಲ್ಲಿ ಬಿದ್ದರೆ ದೋಣಿ ಪಕ್ಕಕ್ಕೆ ಸರಿಯುತ್ತದೆ. ಆಳೆತ್ತರದಲ್ಲಿ ಬಿದ್ದರೆ ಮಗುಚಿಸಲು ನೋಡುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ದಿನವೂ ಬೀಸುತ್ತದೆ, ಅದರ ಹದ ಎಲ್ಲರಿಗೂ ಗೊತ್ತು. ಹೆದರಬೇಕಾದದ್ದು ಮೇ ತಿಂಗಳ ಗುಡುಗಿನ ಮಳೆಯ ಮುಂಚೆ ಘಟ್ಟದ ಕಡೆಯಿಂದ ಒಮ್ಮೆಲೇ ನುಗ್ಗುವ ಗಾಳಿಗೆ. ಅದು ಹೇಳಿ ಬರುವುದಿಲ್ಲ.

ಮಾಡು ತಗ್ಗಾಗಿರಬೇಕು ಎನ್ನುವುದಕ್ಕೆ ಬಿಸಿಲೂ ಸಾಕ್ಷಿ ಹೇಳುತ್ತದೆ. ಮೇಲೆ ಎತ್ತಿ ಕಟ್ಟಿದಷ್ಟೂ ಗಾಳಿಯಾಡುತ್ತದೆ, ನೆರಳೂ ಚೆನ್ನಾಗಿರುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಆದರೆ ಏಪ್ರಿಲಿನಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಆಕಾಶದ ಅರ್ಧ ಏರಿರುತ್ತಾನೆ. ಆಗ ಮಾಡು ಎಷ್ಟು ಎತ್ತರವೋ ಅದರ ನೆರಳು ಅಷ್ಟೇ ದೂರ ಪಕ್ಕಕ್ಕೆ ಬೀಳುತ್ತದೆ. ಆರಡಿ ಎತ್ತರಕ್ಕೆ ಕಟ್ಟಿದ ಚಪ್ಪಟೆ ಮಾಡಿನ ನೆರಳು ಮೂರೂವರೆ ಅಡಿ ಅಗಲದ ದೋಣಿಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತಿರುತ್ತದೆ. ತಗ್ಗಿನ ಮಾಡು, ಅದರಲ್ಲೂ ಎರಡು ಪಕ್ಕಕ್ಕೆ ಇಳಿದು ಬರುವ ಕಮಾನು ಮಾಡು, ನೆರಳನ್ನು ದೋಣಿಯೊಳಗೇ ಹಿಡಿದಿಡುತ್ತದೆ. ಹಿಂದಿನವರು ಎತ್ತಿನ ಗಾಡಿಗೆ ಕಮಾನು ಕಟ್ಟಿದ್ದೂ ಇದೇ ತಿಳಿವಳಿಕೆಯಿಂದ. ನಮ್ಮ ಮಾಡಿನ ರೂಪ ಆ ಗಾಡಿಯಿಂದಲೇ ಬಂತು.

ಅಳತೆಗೆ ಆಚಾರಿಯನ್ನು ಕರೆದೆವು. ಅವರು ಟೇಪು ಬಿಚ್ಚುವ ಮೊದಲು ಮಾವನನ್ನು ದೋಣಿಯ ಅಡ್ಡ ಹಲಗೆಯ ಮೇಲೆ ಕೂರಿಸಿದರು. ಕೂತವನ ನೆತ್ತಿಯ ಮೇಲೆ ಒಂದು ಗೇಣು ಜಾಗ ಬಿಟ್ಟು ಅಲ್ಲಿಗೆ ಗುರುತು. ದೋಣಿಯ ಅಂಚಿನಿಂದ ಅದು ಮೂರಡಿ ಬಂತು. ಅಂಚಿನಿಂದ ಅಂಚಿಗೆ ಈ ಎತ್ತರದಲ್ಲಿ ಬಾಗಿ ಇಳಿಯಬೇಕಾದರೆ ಒಂದೊಂದು ಕಮಾನಿಗೆ ಒಂಬತ್ತು ಅಡಿಯ ಹತ್ತಿರದ ಬಿದಿರಿನ ದಬ್ಬೆ ಬೇಕು. ನಾಲ್ಕು ಅಡಿಗೊಂದರಂತೆ ಮೂರು ಕಮಾನು, ಎಂಟು ಅಡಿ ನೆರಳು. ಮುಂದಿನ ಆರಡಿ ಬಲೆಗೂ ಗಳಕ್ಕೂ ಬರಿದಾಗಿಯೇ ಇರಬೇಕು. ಹಿಂದಿನ ನಾಲ್ಕು ಅಡಿಯ ಮಾತು ಮುಂದೆ ಹೇಳುತ್ತೇನೆ, ಇಡೀ ಕೆಲಸದ ಸಾರ ಅಲ್ಲಿದೆ.

ಯಾವುದರಿಂದ ಕಟ್ಟುವುದು ಎಂಬ ಚರ್ಚೆ ಅಳತೆಗಿಂತ ಉದ್ದವಾಯಿತು. ಕಬ್ಬಿಣದ ಪೈಪಿಗೆ ಸತುವಿನ ಲೇಪ ಇದ್ದರೂ ಬೆಸುಗೆ ಹಾಕಿದ ಜಾಗದಲ್ಲಿ ಲೇಪ ಸುಟ್ಟುಹೋಗಿರುತ್ತದೆ, ಉಪ್ಪು ಗಾಳಿ ಅಲ್ಲಿಂದಲೇ ತಿನ್ನಲು ಶುರುಮಾಡುತ್ತದೆ. ಅಲ್ಯೂಮಿನಿಯಂ ಹಗುರ. ಆದರೆ ಅದಕ್ಕೆ ಸ್ಟೀಲಿನ ಬೋಲ್ಟು ಹಾಕಿದರೆ ಉಪ್ಪುನೀರು ನಡುವೆ ಸೇರಿ ಅಲ್ಯೂಮಿನಿಯಮ್ಮನ್ನೇ ಸವೆಸುತ್ತದೆ. ಹೊರದೇಶಗಳ ವಿಹಾರ ದೋಣಿಗಳಿಗೆ ಬಿಮಿನಿ ಎಂಬ ಮಡಚುವ ಮಾಡು ಇರುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಪೈಪು, ಹೊಲಿಸಿದ ಕ್ಯಾನ್ವಾಸು, ಕೀಲುಗಳು. ನೋಡಲು ಚೆಂದ, ಕೆಲಸಕ್ಕೂ ಒಳ್ಳೆಯದು, ಬೆಲೆಯಲ್ಲಿ ಮಾತ್ರ ಚಿಪ್ಪಿಕಲ್ಲಿನ ದುಡಿಮೆಗೆ ಎಟುಕುವುದಿಲ್ಲ. ಕರೆಂಟಿನ ತಂತಿ ಎಳೆಯುವ ಪಿವಿಸಿ ಪೈಪನ್ನು ಬಗ್ಗಿಸುವುದು ಸುಲಭ, ಆದರೆ ಎರಡು ಬೇಸಿಗೆಯ ಬಿಸಿಲಿಗೆ ಅದು ಗರಿಗರಿಯಾಗಿ, ಒತ್ತಿದಲ್ಲಿ ಸೀಳುತ್ತದೆ. ಉಳಿದದ್ದು ಬಿದಿರು. ನನ್ನ ಮನಸ್ಸು ಮೊದಲಿನಿಂದಲೂ ಅದರ ಮೇಲೇ ಇತ್ತು.

ಬಿದಿರಿನಲ್ಲೂ ಗಂಡುಬಿದಿರು ಬೇಕು, ಒಳಗೆ ಗಟ್ಟಿ ಇರುವಂಥದ್ದು. ಎಳೆಯದು ಬೇಡ, ಮೂರು ವರ್ಷ ದಾಟಿರಬೇಕು. ಕಡಿದ ಬಿದಿರನ್ನು ಹಿನ್ನೀರಿನ ಕೆಸರಿನಲ್ಲಿ ಕೆಲವು ವಾರ ಮುಳುಗಿಸಿ ಇಡಬೇಕು. ಬಿದಿರಿನೊಳಗಿನ ಪಿಷ್ಟ ನೀರಿಗೆ ಬಿಟ್ಟುಹೋಗುತ್ತದೆ. ಕುಟ್ಟೆಹುಳು ಬರುವುದು ಆ ಪಿಷ್ಟದ ರುಚಿಗೆ, ಅದಿಲ್ಲದಿದ್ದರೆ ಹುಳುವಿಗೆ ಬಿದಿರು ಬೇಡ. ತೆಗೆದು ನೆರಳಿನಲ್ಲಿ ಆರಿಸಿ, ಸೀಳಿ, ಗಂಟುಗಳನ್ನು ಕತ್ತಿಯಿಂದ ಹೆರೆದು ನಯ ಮಾಡಿದರೆ ದಬ್ಬೆ ಸಿದ್ಧ. ಬಗ್ಗಿಸುವಾಗ ಸಿಪ್ಪೆಯ ಮೈ ಹೊರಕ್ಕಿರಬೇಕು. ಬಿದಿರಿನ ಬಲವಾದ ನಾರೆಲ್ಲ ಸಿಪ್ಪೆಯ ಹತ್ತಿರ ಒತ್ತಾಗಿರುವುದರಿಂದ ಎಳೆತ ತಡೆಯುವ ಶಕ್ತಿ ಆ ಕಡೆಗೇ ಹೆಚ್ಚು. ದಬ್ಬೆಯನ್ನು ಮತ್ತೆ ಒದ್ದೆ ಮಾಡಿ ಬೆಂಕಿಯ ಕಾವಿಗೆ ಹಿಡಿದು, ಇಷ್ಟಿಷ್ಟೇ ಬಗ್ಗಿಸಿ, ನೆಲಕ್ಕೆ ಹೊಡೆದ ಗೂಟಗಳ ನಡುವೆ ಸಿಕ್ಕಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕಮಾನು ತಾನಾಗಿ ನಿಂತಿರುತ್ತದೆ. ಈ ಕೆಲಸ ನೋಡುತ್ತ ಕೂರುವುದೇ ಒಂದು ಸುಖ. ಬಿಸಿಯಾದ ಬಿದಿರಿನ ವಾಸನೆ ಅಂಗಳವನ್ನೆಲ್ಲ ತುಂಬುತ್ತದೆ, ಆಚಾರಿ ಮಾತು ನಿಲ್ಲಿಸಿ ದಬ್ಬೆಯ ಸದ್ದಿಗೆ ಕಿವಿ ಕೊಡುತ್ತಾರೆ. ಎಲ್ಲಿ ಚಿಟ್ ಎಂದಿತೋ ಅಲ್ಲಿಗೆ ಕೈ ತಡೆಯುತ್ತದೆ.

ದೋಣಿಯ ಮೈಗೆ ತೂತು ಹೊಡೆಯುವುದಕ್ಕೆ ಮಾವ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಅಂಚಿನ ಒಳಮೈಗೆ ಮರದ ಪಟ್ಟಿ ಕೂರಿಸಿ, ಅದಕ್ಕೆ ಗೇಣುದ್ದದ ಪೈಪಿನ ತುಂಡುಗಳನ್ನು ಬಿಗಿದು, ಕಮಾನಿನ ಕಾಲನ್ನು ಅದರೊಳಗೆ ಇಳಿಸಿದೆವು. ಎತ್ತಿದರೆ ಹೊರಬರಬೇಕು. ಕಮಾನುಗಳ ಮೇಲೆ ಉದ್ದಕ್ಕೆ ಮೂರು ತೆಳು ದಬ್ಬೆ, ಕೂಡುವಲ್ಲೆಲ್ಲ ಕತ್ತದ ಬಳ್ಳಿ. ನೈಲಾನ್ ಬಳ್ಳಿ ಬಿದಿರಿನ ಮೇಲೆ ಜಾರುತ್ತದೆ. ಕತ್ತ ಹಾಗಲ್ಲ, ಒದ್ದೆ ಮಾಡಿ ಸುತ್ತಿದ ಕತ್ತ ಬಿದಿರನ್ನು ಕಚ್ಚಿ ಹಿಡಿಯುತ್ತದೆ, ಉಪ್ಪುನೀರಿಗೂ ಬೇಗ ಕೊಳೆಯುವುದಿಲ್ಲ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಇದೇ ಹಿನ್ನೀರಿನಲ್ಲಿ ಹೂತು ತೆಗೆದ ನಾರಲ್ಲವೇ ಅದು.

ಹೊದಿಕೆಗೆ ಮಡಲು ಹೆಣೆದು ಹಾಕುವ ಆಸೆ ನನ್ನದು. ತಂಪಿಗೆ ಅದಕ್ಕೆ ಸಮನಿಲ್ಲ. ಆದರೆ ಮಳೆಯೋ ಅಲೆಯೋ ತಗುಲಿದರೆ ನೀರು ಕುಡಿದು ಭಾರವಾಗುತ್ತದೆ, ಆ ಭಾರ ಇರಬಾರದ ಎತ್ತರದಲ್ಲೇ ಸೇರುತ್ತದೆ. ನೀಲಿ ಟಾರ್ಪಾಲು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದರ ಕೆಳಗೆ ಕೂತವರಿಗೆ ಕಾದ ಗಾಳಿ ಮುಚ್ಚಿದ ಕೋಣೆಯಲ್ಲಿ ನಿಂತಂತೆ ನಿಲ್ಲುತ್ತದೆ. ಗಾಳಿ ಬಂದರೆ ಟಾರ್ಪಾಲು ಹಾಯಿಯೇ ಆಗಿಬಿಡುತ್ತದೆ. ಕೊನೆಗೆ ಗೆದ್ದದ್ದು ಅಡಿಕೆ ಸಸಿಮಡಿಗೆ ಹಾಕುವ ನೆರಳು ಬಲೆ, ನೂರಕ್ಕೆ ಎಪ್ಪತ್ತೈದು ಪಾಲು ಬಿಸಿಲು ತಡೆಯುವ ಬಗೆಯದು. ಘಟ್ಟದ ಮೇಲೆ ಕೆಳಗೆ ಯಾವ ಪೇಟೆಯಲ್ಲೂ ಮೀಟರಿನ ಲೆಕ್ಕದಲ್ಲಿ ಕೊಡುತ್ತಾರೆ. ಬಿಸಿಗಾಳಿ ಅದರ ಕಣ್ಣುಗಳಿಂದ ಮೇಲಕ್ಕೆ ಹೋಗುತ್ತದೆ, ಬೀಸುಗಾಳಿಯ ಒಂದಿಷ್ಟು ಪಾಲು ಅಡ್ಡ ಹಾಯ್ದು ಹೋಗುತ್ತದೆ, ನೆನೆದರೂ ತೂಕ ಏರುವುದಿಲ್ಲ. ತಲೆಯ ನೇರಕ್ಕೆ ಬರುವ ನಡುಪಟ್ಟಿಯಲ್ಲಿ ಎರಡು ಪದರ ಹಾಕಿದೆವು. ಮಳೆ ತಡೆಯುವುದಿಲ್ಲ ನಿಜ. ಮಳೆಗಾಲದಲ್ಲಿ ಮಾಡು ಬಿಚ್ಚಿ ಅಟ್ಟ ಸೇರುತ್ತದೆ, ಆಗ ಗೊರಬು ಇದೆಯಲ್ಲ. ಊರವರನ್ನು ಕೂರಿಸಿಕೊಂಡು ಹೋಗುವ ದೊಡ್ಡ ದೋಣಿಯಾದರೆ ಬಿಳಿಯ ದಪ್ಪ ಬಟ್ಟೆಯೇ ಸರಿ. ಬಿಳಿ ಬಣ್ಣ ಬಿಸಿಲನ್ನು ಮೇಲಕ್ಕೇ ತಿರುಗಿಸುತ್ತದೆ. ಒಳಮೈ ಮಾತ್ರ ಕಪ್ಪೋ ಹಸಿರೋ ಇರಲಿ, ನೀರಿನಿಂದ ಚಿಮ್ಮಿದ ಬೆಳಕು ಮತ್ತೆ ಕಣ್ಣಿಗೆ ಹೊಡೆಯುವುದಿಲ್ಲ.

ಆ ಚಿಮ್ಮುವ ಬೆಳಕು ಸಂಜೆಯ ವೈರಿ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರು ಬಹಳ ಪಾಲು ಬೆಳಕನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಡುವಣಕ್ಕೆ ವಾಲಿದ ಮೇಲೆ ಓರೆಯಾಗಿ ಬಿದ್ದ ಬೆಳಕು ನೇರ ಮುಖಕ್ಕೆ ಬರುತ್ತದೆ. ತದಡಿಯ ಕಡೆಯಿಂದ ಅಳಿವೆಯ ಬಾಯಿಗೆ ಮುಖ ಮಾಡಿ ಸಂಜೆ ಹುಟ್ಟು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಪಕ್ಕದ ಪರದೆ ಬೇಕು, ಆದರೆ ಖಾಯಂ ಪರದೆ ಕೂಡದು. ಈ ಮಾತನ್ನು ಒತ್ತಿ ಹೇಳುತ್ತೇನೆ. ದೋಣಿ ಮಗುಚಿದರೆ ಎರಡೂ ಪಕ್ಕ ಮುಚ್ಚಿದ ಮಾಡು ಬೋನಾಗುತ್ತದೆ, ಈಜು ಬಲ್ಲವರೂ ಒಳಗೆ ಸಿಕ್ಕಿಕೊಳ್ಳುತ್ತಾರೆ. ಪರದೆ ಬಿಸಿಲಿನ ಒಂದೇ ಪಕ್ಕಕ್ಕೆ ಇಳಿಯಬೇಕು, ಮತ್ತೊಂದು ಪಕ್ಕ ಯಾವಾಗಲೂ ತೆರೆದಿರಬೇಕು, ಇಳಿಸಿದ ಪರದೆಯ ಕೆಳಗಿನ ಅಂಚನ್ನು ಎಂದೂ ಬಿಗಿದು ಕಟ್ಟಬಾರದು. ಮಾಡಿನ ಎಲ್ಲ ಗಂಟೂ ಜಾರುಗಂಟು. ಮುಂದಿನ ಎರಡು ತುದಿ ಎಳೆದರೆ ಬಲೆಯೆಲ್ಲ ಹಿಂದಕ್ಕೆ ಸುತ್ತಿ ಬರಬೇಕು, ಬರಿಯ ಕಮಾನಿಗೆ ಗಾಳಿ ಏನೂ ಮಾಡಲಾರದು. ಈ ಬಿಚ್ಚುವ ಕೆಲಸವನ್ನು ಮನೆಯ ಮಕ್ಕಳಿಗೂ ದಡದಲ್ಲಿ ನಿಂತು ಕಲಿಸಿದೆವು. ಗಾಳಿ ಬಂದ ಮೇಲೆ ಕಲಿಸಲು ಹೊತ್ತಿರುವುದಿಲ್ಲ.

ಈಗ ಹಿಂದಿನ ನಾಲ್ಕು ಅಡಿ. ಹುಟ್ಟು ಹಾಕುವವನು ಕೂರುವ ಜಾಗ ಅದು. ಅದರ ಮಾತಿಗೆ ಮುಂಚೆ ಹೊರಗಿನಿಂದ ಬರುವವರ ದೋಣಿಗಳನ್ನು ನೋಡಬೇಕು. ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದ ಅಂಕಸಮುದ್ರ ಮತ್ತು ಮಾಗಡಿ ಕೆರೆಯ ಜೊತೆಗೆ. ಕಾಂಡ್ಲಾ ನೋಡಲು, ಹಕ್ಕಿ ನೋಡಲು ದೂರದಿಂದ ಜನ ಬರುತ್ತಾರೆ. ಬರಲಿ, ಸಂತೋಷ. ಅವರನ್ನು ಕೂರಿಸಿಕೊಳ್ಳುವ ದೋಣಿಗಳಿಗೆ ನಮ್ಮ ಕರಾವಳಿಯ ಹಲವು ಹಿನ್ನೀರುಗಳಲ್ಲಿ ಮಾಡು ಬಂದಿದೆ. ಆ ಮಾಡು ಎಲ್ಲಿಗೆ ಮುಗಿಯುತ್ತದೆ ನೋಡಿ. ಕೊನೆಯ ಕುರ್ಚಿಯ ಬೆನ್ನಿಗೆ ಮುಗಿಯುತ್ತದೆ. ಅದರಿಂದ ಎರಡು ಅಡಿ ಹಿಂದೆ ಹುಟ್ಟು ಹಿಡಿದವನು, ಯಂತ್ರದ ಹಿಡಿ ಹಿಡಿದವನು ಬಿಸಿಲಿನಲ್ಲಿದ್ದಾನೆ. ಬಂದವರು ಒಂದು ಗಂಟೆ ಕೂತು ಇಳಿದು ಹೋಗುತ್ತಾರೆ, ಅವನು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ನೆರಳು ಯಾರಿಗೆ ಹೆಚ್ಚು ಹೊತ್ತು ಬೇಕೋ ಅವರನ್ನು ಬಿಟ್ಟು ನೆರಳು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಲ್ಲಿಗೆ ನೆರಳು ತರುವುದು ಕಷ್ಟವೇ. ಹುಟ್ಟು ಹಾಕುವವನ ಮೊಣಕೈ ಹೊರಗೆ ಹೋಗಿ ಬರಬೇಕು, ಹಿಂದೆ ತಿರುಗಿದರೆ ನೀರು ಕಾಣಬೇಕು, ಆಳವಿಲ್ಲದ ಕಡೆ ಎದ್ದು ನಿಂತು ಗಳ ಊರಬೇಕು. ಆಚಾರಿ ಇದಕ್ಕೆ ಬೇರೆ ಒಂದು ತುಂಡು ಮಾಡಿದರು. ಅದರ ಬಲೆ ದೊಡ್ಡ ಮಾಡಿನ ಹಿಂದಿನ ಕಮಾನಿನಿಂದ ಶುರುವಾಗಿ, ದೋಣಿಯ ಹಿಂದಿನ ತುದಿಯಲ್ಲಿ ನಿಲ್ಲಿಸಿದ ಅಗಲ ಕಡಿಮೆಯ ಇನ್ನೊಂದು ಕಮಾನಿಗೆ ಮುಟ್ಟುತ್ತದೆ. ನಡುವೆ ಎಳೆದು ಕಟ್ಟಿದ ಎರಡು ಬಳ್ಳಿಗಳ ಮೇಲೆ ಬಳೆಗಳಲ್ಲಿ ಅದು ಓಡಾಡುತ್ತದೆ. ಎರಡು ಪಕ್ಕದಲ್ಲೂ ಭುಜದ ಮಟ್ಟಕ್ಕೆ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಏಳಬೇಕಾದಾಗ ಕೈಯಿಂದ ಮುಂದಕ್ಕೆ ತಳ್ಳಿದರೆ ಸಾಕು, ತಲೆಯ ಮೇಲೆ ಆಕಾಶ. ಕೂತಾಗ ಹಿಂದಕ್ಕೆ ಎಳೆದುಕೊಂಡರೆ ಮತ್ತೆ ನೆರಳು. ಇಡೀ ಮಾಡಿನಲ್ಲಿ ಹೆಚ್ಚು ಯೋಚನೆ, ಹೆಚ್ಚು ಕಟ್ಟಿ ಬಿಚ್ಚಿದ ಕೆಲಸ ಈ ತುಂಡಿನದು. ಬಟ್ಟೆಯ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಸಣ್ಣದು.

ಮಾಡು ಕಟ್ಟಿದ ದೋಣಿ ಇಳಿತದ ದಿಣ್ಣೆಯ ಹತ್ತಿರ ಲಂಗರು ಹಾಕಿ ನಿಂತರೆ ಈಗ ಹೆಂಗಸರು ಸರದಿಯಂತೆ ಬಂದು ಕೂರುತ್ತಾರೆ. ತಂದ ಗಂಜಿ ಅದರ ಕೆಳಗೆ, ನೀರಿನ ಬಾಟಲಿ ಅದರ ಕೆಳಗೆ. ಸುರಿದ ಚಿಪ್ಪಿ ನೆರಳಿನಲ್ಲಿ ಒದ್ದೆಯಾಗಿಯೇ ಇರುವುದರಿಂದ ಬಾಯಿ ಬಿಟ್ಟು ಸಾಯುವುದು ಕಡಿಮೆ. ಹಾಗಾಗಿ ನೆರಳು ವ್ಯಾಪಾರಕ್ಕೂ ಆಯಿತು. “ಇನ್ನೊಂದು ಪಾತಿಗೂ ಕಟ್ಟಿಕೊಡು” ಎಂದು ನೆರೆಯ ಅಕ್ಕ ಒಬ್ಬರು ಕೇಳಿದ್ದಾರೆ. ಅವರ ಬಿದಿರು ಈಗ ಕೆಸರಿನಲ್ಲಿ ಮುಳುಗಿದೆ.

ನಿಮ್ಮ ಊರಿನಲ್ಲಿ ಹೊಳೆಯಿದ್ದು, ದೋಣಿಯಿದ್ದು, ಮಾಡು ಕಟ್ಟಿಸುವ ಯೋಚನೆ ಬಂದರೆ ಅಳತೆಯನ್ನು ಹಿಂದಿನಿಂದ ಶುರುಮಾಡಿ. ಮೊದಲು ಹುಟ್ಟು ಹಿಡಿಯುವವರನ್ನು ಅವರ ಜಾಗದಲ್ಲಿ ಕೂರಿಸಿ, ಅವರ ತಲೆಯ ಮೇಲೆ ಒಂದು ಗೇಣು ಬಿಟ್ಟು ಗುರುತು ಹಾಕಿ. ಕುರ್ಚಿಗಳ ಲೆಕ್ಕ ಆಮೇಲೆ ಮಾಡಿ.